ಬೇರಿಗೆ ರಂಜಕ, ಎಲೆಗೆ ಪಾಚಿ ರಸ

(ಕಲಬುರಗಿ ಸೀಮೆಯ ಮಹಿಳಾ ಕಲಿಕಾ ಕೇಂದ್ರವೊಂದರಲ್ಲಿ ಸ್ವಯಂಸೇವಕಿ ಶಿಕ್ಷಕಿ ಮಾಡಿದ ಭಾಷಣ)



ದಿನವೆಲ್ಲ ಹೊಲದಲ್ಲಿ ದುಡಿದು ಬಂದಿದ್ದೀರಿ. ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ, ಈಗ ಪುಸ್ತಕ ಹಿಡಿದು ಕುಳಿತಿದ್ದೀರಿ. ಇವತ್ತು ಹೊಸ ಅಕ್ಷರ ಕಲಿಯುವುದು ಬೇಡ. ಕಲಿತ ಅಕ್ಷರವನ್ನು ಹೊಲಕ್ಕೆ ಒಯ್ಯೋಣ. ಬೇಳೆಯ ಮಾತು ಆಡೋಣ.

ನಮ್ಮದು ತೊಗರಿಯ ಸೀಮೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಗುರುತು ಸಿಕ್ಕಿತು. ಅಂದರೆ ಈ ಬೇಳೆ ಈ ಮಣ್ಣಿನದೇ ಅಂತ ಸರ್ಕಾರ ಒಪ್ಪಿ ಬರೆದುಕೊಟ್ಟಿತು. ತೊಗರಿಯ ಜೊತೆಗೆ ಹೆಸರು, ಉದ್ದು, ಕಡಲೆಯನ್ನೂ ನಾವು ಬೆಳೆಯುತ್ತೇವೆ. ಇವೆಲ್ಲ ಬೇಳೆ ಕಾಳುಗಳು. ಮಾರಿದರೆ ದುಡ್ಡು. ಉಳಿಸಿದರೆ ಮಕ್ಕಳ ಗಂಗಾಳಕ್ಕೆ ಬೇಳೆ.

ಈ ಬೆಳೆಯಲ್ಲಿ ನಿಮ್ಮ ಕೈ ಎಷ್ಟಿದೆ ನೋಡ್ರಿ. ಕೂರಿಗೆಯ ಹಿಂದೆ ಕಾಳು ಬಿಡುವವರು ನೀವು. ಕಸ ತೆಗೆಯುವವರು ನೀವು. ಕೊಯ್ಯುವವರು, ಕೇರುವವರು ನೀವು. ಆದರೆ ಗೊಬ್ಬರದ ಅಂಗಡಿಗೆ ಹೋಗುವವರು ಯಾರು? ಯಾವ ಚೀಲ ತರಬೇಕು, ಯಾವ ಬಾಟಲಿ ತರಬೇಕು ಅಂತ ಹೇಳುವವರು ಯಾರು? ಸಾಲ ಮಾತ್ರ ಇಡೀ ಮನೆಯದು. ಅದಕ್ಕೇ ಈ ಮಾತು ನಿಮಗೆ ಬೇಕು.

ಈಗ ಅಂಗಡಿಗಳಲ್ಲಿ ಒಂದು ಬಾಟಲಿ ಬಂದಿದೆ. ಸಮುದ್ರದ ಪಾಚಿಯಿಂದ ತೆಗೆದ ರಸ. "ಇದನ್ನು ಹೊಡೀರಿ, ಬೇರೆ ಏನೂ ಬೇಡ" ಅಂತ ಹೇಳುವವರೂ ಇದ್ದಾರೆ. ಈ ಮಾತು ಎಷ್ಟು ನಿಜ? ಇದನ್ನು ತಿಳಿಯಬೇಕಾದರೆ ಮೊದಲು ಬೇರು ನೋಡಬೇಕು.

ಬೇರಿನ ಗಂಟು

ತೊಗರಿ, ಹೆಸರು, ಉದ್ದಿನ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಂಡಿದ್ದೀರಿ. ಕೆಲವರು ಅದನ್ನು ರೋಗ ಅಂತಾರೆ. ಅದು ರೋಗವಲ್ಲ. ಅದು ಗಿಡದ ಗೊಬ್ಬರದ ಗುಡಿಸಲು.

ಆ ಗಂಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಇರುತ್ತವೆ. ಅವುಗಳ ಹೆಸರು ರೈಜೋಬಿಯಂ. ಗಾಳಿಯಲ್ಲಿ ಸಾರಜನಕ ಅನ್ನುವುದು ಇದೆ. ಯೂರಿಯಾ ಚೀಲದಲ್ಲಿ ಇರುವುದೂ ಸಾರಜನಕವೇ. ಈ ಜೀವಿಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಅಂಶ ಕೊಡುತ್ತದೆ. ಕೊಟ್ಟು ತಗೊಳ್ಳುವ ಸಂಬಂಧ. ಅದಕ್ಕೇ ಬೇಳೆ ಕಾಳಿನ ಬೆಳೆಗೆ ಯೂರಿಯಾ ಹೆಚ್ಚು ಬೇಡ.

ನೀವೇ ಪರೀಕ್ಷೆ ಮಾಡಬಹುದು. ಬಿತ್ತಿ ಒಂದು ತಿಂಗಳು ಆದ ಮೇಲೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು ತೆಗೆಯಿರಿ. ಜಗ್ಗಿ ಕೀಳಬೇಡಿ. ಗಂಟು ಉದುರುತ್ತವೆ. ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಕೆಲಸ ನಡೆದಿದೆ. ಬಿಳಿ ಇದ್ದರೆ, ಹಸಿರು ಇದ್ದರೆ, ಕೆಲಸ ನಡೆದಿಲ್ಲ.

ರಂಜಕ ಯಾಕೆ ಬೇಕು?

ಆ ಗಂಟು ಬೆಳೆಯಲು, ಕೆಲಸ ಮಾಡಲು ಶಕ್ತಿ ಬೇಕು. ಆ ಶಕ್ತಿಗೆ ರಂಜಕ ಬೇಕು. ರಂಜಕ ಇದ್ದರೆ ಬೇರು ಆಳಕ್ಕೆ ಇಳಿಯುತ್ತದೆ, ಅಗಲಕ್ಕೆ ಹರಡುತ್ತದೆ. ಗಂಟು ಹೆಚ್ಚು ಕಟ್ಟುತ್ತವೆ. ಹೂ, ಕಾಯಿ, ಕಾಳು ಕಟ್ಟಲೂ ರಂಜಕ ಬೇಕು. ರಂಜಕ ಕಡಿಮೆ ಬಿದ್ದರೆ ಗಿಡ ಗಿಡ್ಡ ಉಳಿಯುತ್ತದೆ. ಎಲೆ ಕಡುಹಸಿರಾಗಿ, ಕೆಲವೊಮ್ಮೆ ನೇರಳೆ ಛಾಯೆಗೆ ತಿರುಗುತ್ತದೆ. ಬೇರಿನಲ್ಲಿ ಗಂಟು ವಿರಳ. ಅಂಥ ಗಿಡಕ್ಕೆ ಮೇಲಿಂದ ಏನು ಹೊಡೆದರೂ ಏನು ಬಂತು?

"ನಮ್ಮ ಎರೆ ಹೊಲ ಫಲವತ್ತು, ಅದರಲ್ಲಿ ಇಲ್ಲವೇ?" ಅಂತ ಕೇಳಬಹುದು. ಇದೆ. ಆದರೆ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಸುಣ್ಣ ರಂಜಕವನ್ನು ಹಿಡಿದುಕೊಂಡು ಬಿಡುತ್ತದೆ. ಪೆಟ್ಟಿಗೆಯಲ್ಲಿ ದುಡ್ಡು ಇದೆ, ಕೀಲಿ ಕೈ ಇಲ್ಲ ಅಂದ ಹಾಗೆ.

ಕಡಲೆ ಗಿಡಕ್ಕೆ ಈ ಕೀಲಿ ಸ್ವಲ್ಪ ಗೊತ್ತು. ಬೆಳಗಿನ ಹೊತ್ತು ಕಡಲೆ ಹೊಲದಲ್ಲಿ ನಡೆದರೆ ಕಾಲಿಗೆ, ಸೀರೆಗೆ ಹುಳಿ ಹತ್ತುತ್ತದೆ ಹೌದಿಲ್ಲ? ಆ ಗಿಡದ ಬೇರೂ ಹುಳಿ ಬಿಡುತ್ತದೆ. ಆ ಹುಳಿ ಸುಣ್ಣದ ಹಿಡಿತ ಬಿಡಿಸಿ ರಂಜಕ ಕರಗಿಸುತ್ತದೆ. ಹಂಗಂತ ಅದಷ್ಟೇ ಸಾಲುವುದಿಲ್ಲ. ಕಡಲೆಗೂ ನಾವು ರಂಜಕ ಕೊಡಬೇಕು.

ಚೀಲದ ಮೇಲಿನ ಅಂಕಿ

ಈಗ ನಿಮ್ಮ ಓದು ಕೆಲಸಕ್ಕೆ ಬರುವ ಜಾಗ. ಗೊಬ್ಬರದ ಚೀಲದ ಮೇಲೆ ಅಂಕಿ ಇರುತ್ತವೆ. ಡಿಎಪಿ ಚೀಲದ ಮೇಲೆ 18-46-0 ಅಂತ ಇರುತ್ತದೆ. ಮೊದಲ ಅಂಕಿ ಸಾರಜನಕ. ಎರಡನೇ ಅಂಕಿ ರಂಜಕ. ಮೂರನೇ ಅಂಕಿ ಪೊಟ್ಯಾಷ್. 100 ಕಿಲೋ ಗೊಬ್ಬರದಲ್ಲಿ ಯಾವುದು ಎಷ್ಟು ಕಿಲೋ ಇದೆ ಅಂತ ಈ ಅಂಕಿ ಹೇಳುತ್ತವೆ.

ಡಿಎಪಿ ಚೀಲ 50 ಕಿಲೋ. ಹಾಗಾದರೆ ಅರ್ಧ ಮಾಡಿ. ಸಾರಜನಕ 9 ಕಿಲೋ. ರಂಜಕ 23 ಕಿಲೋ.

ಮಳೆಯ ಮೇಲೆ ಬೆಳೆಯುವ ತೊಗರಿಗೆ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ ಕೊಡಿ ಅಂತ ಕೃಷಿ ತಜ್ಞರು ಹೇಳುತ್ತಾರೆ. ಅಂದರೆ ಎಕರೆಗೆ ಹೆಚ್ಚು ಕಡಿಮೆ ಒಂದು ಚೀಲ ಡಿಎಪಿ ಸಾಕು. ಲೆಕ್ಕ ಸರಳ ಇದೆ.

ಡಿಎಪಿ ಸಿಗದೆ ಇದ್ದರೆ? ಸೂಪರ್ ಫಾಸ್ಫೇಟ್ ಇದೆ. ಅದರಲ್ಲಿ 100 ಕಿಲೋಗೆ 16 ಕಿಲೋ ರಂಜಕ. 50 ಕಿಲೋ ಚೀಲದಲ್ಲಿ 8 ಕಿಲೋ. ಎರಡೂವರೆ ಚೀಲ ಹಾಕಿದರೆ 20 ಕಿಲೋ ಆಯಿತು. ಅದರಲ್ಲಿ ಸಾರಜನಕ ಇಲ್ಲ. ಅದಕ್ಕೆ 45 ಕಿಲೋದ ಯೂರಿಯಾ ಚೀಲದಲ್ಲಿ ಅರ್ಧ ಸೇರಿಸಬೇಕು. ಸೂಪರ್ ಫಾಸ್ಫೇಟಿನಲ್ಲಿ ಗಂಧಕವೂ ಇದೆ. ಬೇಳೆ ಕಾಳಿಗೆ ಗಂಧಕ ಒಳ್ಳೆಯದು.

ಇನ್ನೊಂದು ಚೀಲ ಇದೆ. ಅದರ ಮೇಲೆ 20-20-0-13 ಅಂತ ಇರುತ್ತದೆ. ಕೊನೆಯ 13 ಗಂಧಕ. "ಇದೂ ಡಿಎಪಿ ಇದ್ದಂಗೇ" ಅಂತ ಯಾರಾದರೂ ಕೊಟ್ಟಾರು. ಓದಿ ನೋಡಿ. ಎರಡನೇ ಅಂಕಿ 20. ಅರ್ಧ ಮಾಡಿದರೆ ಚೀಲಕ್ಕೆ 10 ಕಿಲೋ ರಂಜಕ ಮಾತ್ರ. ಒಂದೇ ಚೀಲ ಹಾಕಿ ಸುಮ್ಮನಾದರೆ ಬೆಳೆಗೆ ಅರ್ಧ ಹೊಟ್ಟೆ. ಅದು ಕೆಟ್ಟ ಗೊಬ್ಬರ ಅಲ್ಲ. ಲೆಕ್ಕ ಬೇರೆ, ಅಷ್ಟೇ.

ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ಅದರಲ್ಲಿ ರಂಜಕದ ಮುಂದೆ ಏನು ಬರೆದಿದೆ ಓದಿ. ಮಣ್ಣಿನಲ್ಲಿ ಹೆಚ್ಚು ಇದ್ದರೆ ಗೊಬ್ಬರ ಕಡಿಮೆ ಮಾಡಬಹುದು. ದುಡ್ಡು ಉಳಿಯುತ್ತದೆ.

ಈ ಗೊಬ್ಬರ ಕಲ್ಲಿನಿಂದ ಆಗುತ್ತದೆ. ಆ ಕಲ್ಲು ನಮ್ಮ ದೇಶದಲ್ಲಿ ಸಾಕಷ್ಟಿಲ್ಲ. ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ಗಣಿ ಇದೆ. ಉಳಿದದ್ದು ಮೊರಾಕ್ಕೊ, ಜೋರ್ಡಾನ್‌ನಂಥ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅದಕ್ಕೇ ಒಂದು ಹಿಡಿಯೂ ದಂಡವಾಗಬಾರದು.

ಎಲ್ಲಿ ಹಾಕಬೇಕು? ಯಾವಾಗ?

ಯೂರಿಯಾ ನೀರಿನ ಜೊತೆ ಹರಿದು ಹೋಗುತ್ತದೆ. ರಂಜಕ ಹಾಗಲ್ಲ. ಹಾಕಿದ ಜಾಗದಲ್ಲೇ ಕೂತಿರುತ್ತದೆ. ಬೇರೇ ಅದರ ಹತ್ತಿರ ಹೋಗಬೇಕು. ಅದಕ್ಕೇ ಹೊಲದ ಮೇಲೆ ಎರಚಬೇಡಿ. ಬೆಳೆ ಎದ್ದ ಮೇಲೆ ಬುಡಕ್ಕೆ ಚೆಲ್ಲುವುದೂ ಬೇಡ. ಬಿತ್ತುವಾಗಲೇ ಸಾಲಿನಲ್ಲಿ, ಬೀಜಕ್ಕಿಂತ ಸುಮಾರು ಎರಡು ಅಂಗುಲ ಕೆಳಗೆ ಅಥವಾ ಪಕ್ಕಕ್ಕೆ ಬೀಳಬೇಕು. ಗೊಬ್ಬರ, ಬೀಜ ಎರಡನ್ನೂ ಬೇರೆ ಬೇರೆ ಬಿಡುವ ಕೂರಿಗೆ ಇದ್ದರೆ ಒಳ್ಳೆಯದು. ಬೀಜವನ್ನೂ ಗೊಬ್ಬರವನ್ನೂ ಒಂದೇ ಬುಟ್ಟಿಯಲ್ಲಿ ಕಲಸಬೇಡಿ. ಗೊಬ್ಬರದ ಉಪ್ಪು ಮೊಳಕೆ ಸುಡುತ್ತದೆ.

ಬೀಜಕ್ಕೆ ಉಪಚಾರ ಮಾಡುವುದು ಹೆಂಗಸರ ಕೈಗೆ ಸರಿಯಾಗಿ ಒಗ್ಗುವ ಕೆಲಸ. ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿ, 200 ಗ್ರಾಂ ರಂಜಕ ಕರಗಿಸುವ ಜೀವಿಯ ಪುಡಿ ತನ್ನಿ. ಪೊಟ್ಟಣದ ಮೇಲೆ ತಾರೀಖು ಓದಿ. ತಾರೀಖು ಮೀರಿದ್ದರೆ ಒಳಗಿನ ಜೀವ ಸತ್ತಿರುತ್ತದೆ. ಸ್ವಲ್ಪ ಬೆಲ್ಲ ಕರಗಿಸಿ ಅಂಟು ನೀರು ಮಾಡಿ. ಬಿಸಿ ಮಾಡಿದ್ದರೆ ಪೂರ್ತಿ ಆರಲಿ. ಬೀಜದ ಮೇಲೆ ಚಿಮುಕಿಸಿ, ಪುಡಿ ಹಾಕಿ, ಮೆಲ್ಲಗೆ ಕೈಯಾಡಿಸಿ. ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಬಿಸಿಲಿಗೆ ಹಾಕಬೇಡಿ. ಬೀಜಕ್ಕೆ ರೋಗದ ಔಷಧ ಹಚ್ಚುವುದಿದ್ದರೆ ಅದು ಮೊದಲು. ಈ ಪುಡಿ ಕೊನೆಗೆ.

"ತಿಪ್ಪೆ ಗೊಬ್ಬರ ಸಾಲದೇ ಅಕ್ಕೋರೆ?" ಅಂತ ನೀವು ಕೇಳುತ್ತೀರಿ. ತಿಪ್ಪೆ ಗೊಬ್ಬರ ಹಾಕಲೇಬೇಕು. ಅದು ಮಣ್ಣನ್ನು ಮೆದು ಮಾಡುತ್ತದೆ, ತೇವ ಹಿಡಿಯುತ್ತದೆ, ಸಣ್ಣ ಜೀವಿಗಳನ್ನು ಸಾಕುತ್ತದೆ. ಆದರೆ ಅದರಲ್ಲಿ ರಂಜಕ ಸ್ವಲ್ಪ. ಈಗ ದನ ಕಡಿಮೆ, ತಿಪ್ಪೆಯೂ ಕಡಿಮೆ. ಎರಡೂ ಬೇಕು.

ಕಡಲ ಪಾಚಿ ಎಂದರೇನು?

ಈಗ ಬಾಟಲಿಗೆ ಬರೋಣ. ನಾವು ಕಡಲು ಕಂಡವರಲ್ಲ. ನಮ್ಮ ಬಾವಿ, ಕೆರೆಯಲ್ಲಿ ಪಾಚಿ ಬೆಳೆಯುತ್ತದಲ್ಲ, ಹಾಗೆ ಸಮುದ್ರದಲ್ಲೂ ಬೆಳೆಯುತ್ತದೆ. ಕೆಲವು ಗಿಡದಷ್ಟು ದೊಡ್ಡವು. ಕೆಂಪು, ಕಂದು, ಹಸಿರು ಬಣ್ಣದವು.

ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕಡಲ ದಂಡೆಯಲ್ಲಿ ಹೆಣ್ಣುಮಕ್ಕಳು ಈ ಪಾಚಿ ಬೆಳೆಯುತ್ತಾರೆ. ಬಿದಿರಿನ ತೆಪ್ಪ ಕಟ್ಟುತ್ತಾರೆ. ಹಗ್ಗಕ್ಕೆ ಪಾಚಿಯ ತುಂಡು ಕಟ್ಟಿ ನೀರಿಗೆ ಬಿಡುತ್ತಾರೆ. ಸುಮಾರು 45 ದಿನಕ್ಕೆ ಕೊಯ್ಲು. ಆ ಪಾಚಿಯ ಹೆಸರು ಕಪ್ಪಾಫೈಕಸ್. ನಮ್ಮ ಹಾಗೆಯೇ ಸಂಘ ಕಟ್ಟಿಕೊಂಡು ದುಡಿಯುವ ಅಕ್ಕತಂಗಿಯರು ಅವರು. ನಮಗೆ ಮಳೆ ಕೈಕೊಟ್ಟರೆ ಕಷ್ಟ. ಅವರಿಗೆ ಅಲೆ ಎದ್ದರೆ, ನೀರು ಬಿಸಿಯಾದರೆ ಕಷ್ಟ.

ಗುಜರಾತಿನ ಭಾವನಗರದಲ್ಲಿ ಉಪ್ಪು ಮತ್ತು ಕಡಲ ರಾಸಾಯನಿಕಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ. ಹಸಿ ಪಾಚಿ ಅರೆದು ರಸ ಹಿಂಡುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ರಸ ಬೆಳೆಗೆ. ಉಳಿದ ಚರಟದಿಂದ ಒಂದು ಬಗೆಯ ಅಂಟು ತೆಗೆಯುತ್ತಾರೆ. ಅದನ್ನು ಐಸ್‌ಕ್ರೀಂ ಮುಂತಾದವುಗಳಲ್ಲಿ ಹಾಕುತ್ತಾರೆ.

ರಸದಲ್ಲಿ ಏನಿದೆ? ಪೊಟ್ಯಾಷ್ ಇದೆ. ಸತು, ಕಬ್ಬಿಣದಂಥವು ಚಿಟಿಕೆಯಷ್ಟು ಇವೆ. ಮುಖ್ಯವಾಗಿ ಬೆಳವಣಿಗೆಯ ಚೋದಕಗಳು ಇವೆ. ಚೋದಕ ಅಂದರೆ ಗಿಡವನ್ನು ಎಚ್ಚರಿಸುವ ವಸ್ತು. ಟಿಸಿಲು ಒಡೆಯಲು, ಹೂ ನಿಲ್ಲಲು, ಒಣಹವೆ ಸ್ವಲ್ಪ ತಾಳಲು ಅದು ನೆರವಾಗುತ್ತದೆ. ತೊಗರಿಯಲ್ಲಿ ಬಿಟ್ಟ ಹೂವೆಲ್ಲ ಕಾಯಿ ಆಗುವುದಿಲ್ಲ. ಬಹಳಷ್ಟು ಉದುರುತ್ತವೆ. ಉದುರುವುದು ಸ್ವಲ್ಪ ಕಡಿಮೆ ಆದರೂ ನಮಗೆ ಲಾಭ.

ಈ ರಸದಲ್ಲಿ ರಂಜಕ ಎಷ್ಟು? ಬೆಳೆಯ ಹೊಟ್ಟೆ ತುಂಬುವಷ್ಟು ಇಲ್ಲವೇ ಇಲ್ಲ. ಪಶ್ಚಿಮ ಬಂಗಾಳದ ಕೃಷಿ ವಿಜ್ಞಾನಿಗಳು ಹೆಸರು ಬೆಳೆಯ ಮೇಲೆ ಈ ರಸ ಹೊಡೆದು ನೋಡಿದರು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಇಳುವರಿ ಹೆಚ್ಚಿತು, ನಿಜ. ಆದರೆ ಅವರು ಮಣ್ಣಿಗೆ ಹಾಕಬೇಕಾದ ಗೊಬ್ಬರ ಹಾಕಿ, ಅದರ ಮೇಲೆ ರಸ ಹೊಡೆದಿದ್ದರು. ಈ ಮಾತನ್ನು ಬಾಟಲಿ ಮಾರುವವರು ಹೇಳುವುದು ಕಡಿಮೆ.

ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇದ್ದರೆ ಊಟಕ್ಕೆ ರುಚಿ, ಒಂದು ರೊಟ್ಟಿ ಹೆಚ್ಚು ಹೋಗುತ್ತದೆ. ರೊಟ್ಟಿ ಇಲ್ಲದೆ ಬರೀ ಹಿಂಡಿ ತಿಂದರೆ ಹೊಟ್ಟೆ ತುಂಬುತ್ತದೆಯೇ? ರಂಜಕ ರೊಟ್ಟಿ. ಪಾಚಿ ರಸ ಹಿಂಡಿ. ದುಡ್ಡು ಒಂದಕ್ಕೇ ಇದ್ದರೆ ಮೊದಲು ರೊಟ್ಟಿ.

ಹೊಡೆಯುವ ಬಗೆ

ಮೊಗ್ಗು ಕಾಣಿಸಿ ಹೂ ಶುರುವಾಗುವಾಗ ಒಂದು ಸಲ ಹೊಡೆಯಿರಿ. ಸುಮಾರು 15 ದಿನ ಬಿಟ್ಟು ಇನ್ನೊಂದು ಸಲ. ಬೆಳಗಿನ ಹೊತ್ತು ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಿರಿ. ಮಳೆ ಮೋಡ ಇದ್ದರೆ ಬೇಡ. ತೊಳೆದು ಹೋಗುತ್ತದೆ.

ಎಷ್ಟು ಹಾಕಬೇಕು? ಒಂದೊಂದು ಕಂಪನಿಯ ರಸ ಒಂದೊಂದು ಗಟ್ಟಿ. ಬಾಟಲಿಯ ಮೇಲೆ ಬರೆದಷ್ಟೇ ಹಾಕಿ. ಉದಾಹರಣೆಗೆ ಲೀಟರಿಗೆ 2 ಮಿಲಿ ಅಂತ ಬರೆದಿದೆ ಅನ್ನೋಣ. ನಿಮ್ಮ ಪಂಪು 15 ಲೀಟರಿನದು. 15ನ್ನು 2ರಿಂದ ಗುಣಿಸಿ. 30 ಮಿಲಿ. ಮಕ್ಕಳ ಔಷಧದ ಬಾಟಲಿಯಂತೆ ಇದಕ್ಕೂ ಕೆಲವೊಮ್ಮೆ ಅಳತೆಯ ಮುಚ್ಚಳ ಇರುತ್ತದೆ. ಅದರಿಂದ ಅಳೆಯಿರಿ. ಆ ಮುಚ್ಚಳ ಮತ್ತೆ ಅಡುಗೆ ಮನೆಗೆ ಬರಬಾರದು. "ಇನ್ನೊಂದಿಷ್ಟು ಇರಲಿ" ಅಂತ ಸುರಿಯಬೇಡಿ. ಚೋದಕ ಹೆಚ್ಚಾದರೆ ಗಿಡಕ್ಕೆ ಒಳ್ಳೆಯದಾಗುವುದಿಲ್ಲ, ದುಡ್ಡೂ ಹಾಳು.

ಪಂಪನ್ನು ಮೊದಲು ಚೆನ್ನಾಗಿ ತೊಳೆಯಿರಿ. ಕಳೆನಾಶಕ ಹೊಡೆದ ಪಂಪು ಆದರೆ ಅದನ್ನು ಬಳಸಲೇಬೇಡಿ. ಒಳಗೆ ಉಳಿದ ಹನಿ ಸಾಕು, ಬೆಳೆ ಸುಡಲು. ಬೇರೆ ಔಷಧದ ಜೊತೆ ಕಲಸುವ ಮೊದಲು ಕೃಷಿ ಅಧಿಕಾರಿಯನ್ನು ಕೇಳಿ. ಇನ್ನೊಂದು ಮಾತು. ಈ ರಸ ಕಾಯಿಕೊರಕ ಹುಳ ಕೊಲ್ಲುವುದಿಲ್ಲ. ನೆಟೆ ರೋಗ ವಾಸಿ ಮಾಡುವುದಿಲ್ಲ. ಅವಕ್ಕೆ ಬೇರೆ ದಾರಿ ಇದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಇಂಥ ರಸಗಳನ್ನು ಜೈವಿಕ ಪ್ರಚೋದಕ ಅಂತ ಕರೆಯುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಇವುಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದಿತು. ಅಂದರೆ ಯಾರು ಬೇಕಾದರೂ ಬಣ್ಣದ ನೀರು ತುಂಬಿ ಮಾರುವ ಹಾಗಿಲ್ಲ. ಬಾಟಲಿಯ ಮೇಲೆ ತಯಾರಿಸಿದವರ ಹೆಸರು, ಒಳಗೆ ಏನಿದೆ, ತಯಾರಾದ ತಾರೀಖು, ಯಾವ ತಾರೀಖಿನವರೆಗೆ ಬಳಸಬಹುದು, ಬೆಲೆ, ಎಲ್ಲ ಓದಿ. ಇವು ಇಲ್ಲದ ಬಾಟಲಿ ಕೈಯಲ್ಲಿ ಹಿಡಿಯಬೇಡಿ.

ಬಿತ್ತನೆಯ ದಿನಗಳಲ್ಲಿ ಡಿಎಪಿಗೆ ಸಾಲು ನಿಲ್ಲುವುದು ನಿಮಗೆ ಗೊತ್ತು. ಆಗ ಕೆಲವು ಕಡೆ "ಚೀಲ ಬೇಕಾದರೆ ಈ ಬಾಟಲಿಯನ್ನೂ ಒಯ್ಯಬೇಕು" ಅಂತ ಗಂಟು ಹಾಕುತ್ತಾರೆ. ಹಾಗೆ ಗಂಟು ಹಾಕುವ ಅಧಿಕಾರ ಅಂಗಡಿಯವರಿಗೆ ಇಲ್ಲ. ಬೇಕಾದರೆ ತಗೋತೀರಿ, ಬೇಡವಾದರೆ ಬಿಡುತ್ತೀರಿ. ಒತ್ತಾಯ ಮಾಡಿದರೆ ನಾಲ್ಕು ಜನ ಸೇರಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬರೆದು ಕೊಡಿ. ಬರೆಯಲು ಈಗ ನಿಮಗೆ ಬರುತ್ತದೆ.

ಚೀಲ ಕೊಳ್ಳುವಾಗ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಓದು ಬಂದವರೂ ಅಲ್ಲಿ ಹೆಬ್ಬೆಟ್ಟು ಒತ್ತಬೇಕು. ನಾಚಿಕೆ ಬೇಡ. ಒತ್ತಿದ ಮೇಲೆ ಬಿಲ್ಲು ಕೇಳಿ ತಗೊಳ್ಳಿ. ಎಷ್ಟು ಚೀಲ, ಎಷ್ಟು ದುಡ್ಡು ಅಂತ ಅಲ್ಲೇ ನಿಂತು ಓದಿ. ಗೊಬ್ಬರ ಕಲಬೆರಕೆ ಆದರೆ ಆ ಚೀಟಿಯೇ ನಿಮ್ಮ ಸಾಕ್ಷಿ.

ನಾಲ್ಕು ಸಾಲು ಬಿಟ್ಟು ನೋಡಿ

ಪಾಚಿ ರಸ ನಿಮ್ಮ ಹೊಲಕ್ಕೆ ಲಾಭವೋ ಅಲ್ಲವೋ? ಅಂಗಡಿಯವನ ಮಾತು ಬೇಡ. ನನ್ನ ಮಾತೂ ಬೇಡ. ನಿಮ್ಮ ಹೊಲವನ್ನೇ ಕೇಳಿ.

ಎಲ್ಲ ಕಡೆ ರಂಜಕ ಒಂದೇ ಸಮ ಹಾಕಿ. ರಸ ಹೊಡೆಯುವಾಗ ನಾಲ್ಕು ಸಾಲು ಹಾಗೇ ಬಿಡಿ. ಎರಡು ಕೊನೆಗೂ ಗೂಟ ನೆಟ್ಟು ಬಟ್ಟೆ ಕಟ್ಟಿ. ಅಲ್ಲಿಂದ ಒಂದೆರಡು ಸಾಲು ದಾಟಿ, ರಸ ಹೊಡೆದ ನಾಲ್ಕು ಸಾಲಿಗೂ ಗುರುತು ಮಾಡಿ. ಮಧ್ಯದ ಸಾಲು ಲೆಕ್ಕಕ್ಕೆ ಬೇಡ, ಗಾಳಿಗೆ ರಸ ಹಾರಿರುತ್ತದೆ. ರಾಶಿ ಮಾಡುವಾಗ ಎರಡನ್ನೂ ಬೇರೆ ಬೇರೆ ಬಡಿಯಿರಿ. ಬೇರೆ ಬೇರೆ ತೂಗಿ. ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದರಿಂದ ಎಕರೆಗೆ ಎಷ್ಟು ಹೆಚ್ಚು ಬಂತು ಅನ್ನುವ ಲೆಕ್ಕ ಮಾಡಲು ಕೇಂದ್ರಕ್ಕೆ ಬರ್ರಿ. ಕೂಡಿ ಮಾಡೋಣ.

ಆಮೇಲೆ ದುಡ್ಡಿನ ಲೆಕ್ಕ. ರಸಕ್ಕೂ ಕೂಲಿಗೂ ಸೇರಿ ಎಕರೆಗೆ 800 ರೂಪಾಯಿ ಬಿತ್ತು ಅನ್ನೋಣ. ತೊಗರಿಯನ್ನು ಕಿಲೋಗೆ 80 ರೂಪಾಯಿಯಂತೆ ಮಾರಿದಿರಿ ಅನ್ನೋಣ. 800ನ್ನು 80ರಿಂದ ಭಾಗಿಸಿ. 10 ಬಂತು. ಎಕರೆಗೆ 10 ಕಿಲೋ ಹೆಚ್ಚು ಬಂದರೆ ಹಾಕಿದ ದುಡ್ಡು ಮಾತ್ರ ತಿರುಗಿ ಬಂತು. ಹನ್ನೊಂದನೇ ಕಿಲೋದಿಂದ ಲಾಭ. 5 ಕಿಲೋ ಮಾತ್ರ ಹೆಚ್ಚು ಬಂದಿದ್ದರೆ 400 ರೂಪಾಯಿ ಕೈಬಿಟ್ಟಿತು. ಮುಂದಿನ ವರ್ಷ ಬಾಟಲಿ ತರಬೇಕೇ ಬೇಡವೇ, ಆಗ ನಿಮಗೇ ತಿಳಿಯುತ್ತದೆ.

ಅಕ್ಕಂದಿರೇ, "ಈ ಲೆಕ್ಕವೆಲ್ಲ ಮನೆಯ ಗಂಡಸರು ನೋಡ್ಕೋತಾರ" ಅಂತ ಕೆಲವರು ಹೇಳುತ್ತೀರಿ. ಅವರೂ ನೋಡಲಿ. ಜೊತೆಗೆ ನೀವೂ ನೋಡಿ. ಬೆಳೆ ಸೋತ ವರ್ಷ ಹೊರೆ ಹೊರುವವರು ಇಬ್ಬರೂ. ಕೂಲಿಗೆ ಹೋಗುವವರು ನೀವು, ಮಕ್ಕಳ ಬೇಳೆಗೆ ನೀರು ಬೆರೆಸುವವರೂ ನೀವು. ಹಾಗಾದ ಮೇಲೆ ಚೀಲ ಕೊಳ್ಳುವ ಮಾತಿನಲ್ಲೂ ನೀವು ಇರಬೇಕು. ಜಗಳ ಬೇಡ. ಚೀಲದ ಮೇಲಿನ ಅಂಕಿ ಓದಿ ಹೇಳಿ ಸಾಕು. "ಇದರಲ್ಲಿ ರಂಜಕ 10 ಕಿಲೋ ಮಾತ್ರ ಇದೆ, ನಮಗೆ 20 ಬೇಕು" ಅಂತ ಒಮ್ಮೆ ಅನ್ನಿ. ಮನೆಯವರು ತಿರುಗಿ ನೋಡುತ್ತಾರೆ.

ಇವತ್ತಿನ ಮಾತು ಐದು. ಬೀಜಕ್ಕೆ ರೈಜೋಬಿಯಂ ಹಚ್ಚಿ. ರಂಜಕವನ್ನು ಬಿತ್ತುವಾಗಲೇ ಬೀಜದ ಕೆಳಗೆ ಕೊಡಿ. ಕೈಯಲ್ಲಿ ದುಡ್ಡಿದ್ದರೆ, ಹೂವಿನ ಹೊತ್ತಿಗೆ ಪಾಚಿ ರಸವನ್ನು ಅಳೆದು ಹೊಡೆಯಿರಿ. ಚೀಲ, ಬಾಟಲಿ, ಬಿಲ್ಲು ಮೂರನ್ನೂ ಓದಿ. ನಾಲ್ಕು ಸಾಲು ಬಿಟ್ಟು ತೂಗಿ ಬರೆದಿಡಿ.

ನಾಳೆ ಬರುವಾಗ ಮನೆಯಲ್ಲಿರುವ ಖಾಲಿ ಗೊಬ್ಬರದ ಚೀಲ ಒಂದೊಂದು ಝಾಡಿಸಿ ತನ್ನಿ. ನಾಳೆಯ ಪಾಠ ಅದರ ಮೇಲೆಯೇ ಓದೋಣ.